ಒಂದನೇ ಪೀಪಾಯಿ

ಮೇ ಹನ್ನೆರಡು, ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷ. ಚೈತ್ರಳ ಮೂಗಿಗೆ ವಾಸನೆ ತಿಳಿಯುವುದು ನಿಂತು ಅಂದಿಗೆ ನೂರಾ ಹದಿನಾಲ್ಕು ದಿನವಾಗಿತ್ತು.

ಇದು ಗೊತ್ತಿದ್ದವರು ಇಬ್ಬರೇ. ಒಬ್ಬರು ಶಿವಮೊಗ್ಗದ ಕಿವಿ, ಮೂಗು, ಗಂಟಲಿನ ಡಾಕ್ಟರು. ಜನವರಿಯ ಜ್ವರ ಬಿಟ್ಟ ಮೇಲೂ ವಾಸನೆ ಮರಳದಿದ್ದಾಗ ಚೈತ್ರ ಅವರಲ್ಲಿಗೆ ಹೋಗಿದ್ದಳು. "ಆರು ತಿಂಗಳಾಗಬಹುದು, ವರ್ಷ ಆಗಬಹುದು, ಬಾರದೆಯೂ ಇರಬಹುದು" ಎಂದು ಅವರು ಹೇಳಿ ಕಳಿಸಿದ್ದರು. ಇನ್ನೊಬ್ಬ ಅವಳ ಸೋದರಮಾವ ಗೋಪಾಲಪ್ಪ. ಅವನಿಗೆ ಅವಳು ಹೇಳಿದ್ದಲ್ಲ. ಫೆಬ್ರವರಿಯಲ್ಲಿ ಆನವಟ್ಟಿ ಪಕ್ಕದ ಅವನ ಮನೆಗೆ ಹೋದಾಗ ಒಲೆಯ ಮೇಲಿನ ಹಾಲು ತಳ ಹಿಡಿದು ಸೀಯುತ್ತಿತ್ತು. ಚೈತ್ರ ಅದರ ಮಗ್ಗುಲಲ್ಲೇ ನಿಂತು ಫೋನ್ ನೋಡುತ್ತಿದ್ದಳು. ಹಿತ್ತಲಿನಿಂದ ಓಡಿಬಂದು ಪಾತ್ರೆ ಇಳಿಸಿದ ಗೋಪಾಲಪ್ಪ ಹಾಲಿನ ಕಡೆ ನೋಡಲೇ ಇಲ್ಲ, ಅವಳ ಮುಖ ನೋಡಿದ.

"ಯಾವಾಗಿಂದ ಕೂಸೇ?" ಅಂದ.

ಬೇರೆಯವರಿಗಾದರೆ ಇದು ಹೇಗೋ ಸಹಿಸಿಕೊಂಡು ಹೋಗುವ ತೊಂದರೆ. ಚೈತ್ರಳಿಗೆ ಅದು ಅನ್ನದ ಪ್ರಶ್ನೆ. ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಹೋಗುವ ರಸ್ತೆಯಲ್ಲಿ ನಾಗರಾಜ್ ಎನ್ನುವವರು ಕಟ್ಟಿಸಿದ ಸಣ್ಣ ಬ್ರೂವರಿಯಲ್ಲಿ ಬಿಯರ್ ತಯಾರಿಸುವ ಕೆಲಸ ಅವಳದು. ಕೆಳಗೆ ಟ್ಯಾಂಕುಗಳು, ಮೇಲೆ ರೆಸ್ಟೋರೆಂಟ್. ಪ್ರತಿ ಬ್ಯಾಚಿಗೂ ರಿಜಿಸ್ಟರಿನಲ್ಲಿ ಬಣ್ಣ, ವಾಸನೆ, ರುಚಿ ಎಂಬ ಮೂರು ಕಾಲಂ ಇದ್ದವು. ಮೂರಕ್ಕೂ ಅವಳ ಸಹಿ ಬೀಳದೆ ಒಂದು ಗ್ಲಾಸೂ ಮೇಲಕ್ಕೆ ಹೋಗುತ್ತಿರಲಿಲ್ಲ. ನಾಗರಾಜ್ ಸಹಿ ನೋಡುತ್ತಿದ್ದರೇ ಹೊರತು ಬಿಯರ್ ಮುಟ್ಟುತ್ತಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿದ ಮನೆತನ, ಅಪ್ಪನ ಕಾಲದಿಂದ ಗೊಬ್ಬರದ ಅಂಗಡಿ. ಕುಡಿಯದವರು ಈ ವ್ಯಾಪಾರ ಹೇಗೆ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ, "ಗೊಬ್ಬರ ಮಾರೋರು ಗೊಬ್ಬರ ತಿಂತಾರೇನ್ರೀ?" ಅನ್ನುತ್ತಿದ್ದರು. ಅವರ ಪಾಲಿನ ಮೂಗು, ನಾಲಿಗೆ ಎರಡೂ ಚೈತ್ರಳೇ ಆಗಿದ್ದಳು.

ಅಂದು ಪರೀಕ್ಷೆಗೆ ಬಂದದ್ದು ದಿನದ ಬಿಯರ್ ಅಲ್ಲ. ಹಿಂದಿನ ವರ್ಷ ಚಳಿ ಇರುವಾಗಲೇ ಚೈತ್ರ ಬೆಲ್ಜಿಯಂನ ಹಳೆಯ ಪದ್ಧತಿಯ ಹುಳಿ ಬಿಯರ್ ಮಾಡಲು ಹೊರಟಿದ್ದಳು. ಬಾರ್ಲಿ ಮೊಳಕೆ, ಅದರ ಅರ್ಧದಷ್ಟು ಹಸಿ ಗೋಧಿ, ಕಹಿ ಕಳೆದುಕೊಂಡ ಹಳೇ ಹಾಪ್ಸ್ ಹೂವು. ಕುದಿಸಿದ ರಸವನ್ನು ಅಗಲವಾದ ತಟ್ಟೆಯಂಥ ತೊಟ್ಟಿಯಲ್ಲಿ ಕಿಟಕಿ ತೆರೆದು ಇಡೀ ರಾತ್ರಿ ಆರಲು ಬಿಟ್ಟಿದ್ದಳು. ಯೀಸ್ಟ್ ಹಾಕಿರಲಿಲ್ಲ. ಗಾಳಿಯಲ್ಲಿ ಇದ್ದದ್ದು ಬಂದು ಕೂತು ಹುಳಿ ಬರಿಸಬೇಕು, ಪದ್ಧತಿಯೇ ಅದು. ಆಮೇಲೆ ವೈನ್ ತುಂಬಿದ್ದ ಮೂರು ಹಳೇ ಮರದ ಪೀಪಾಯಿಗಳಲ್ಲಿ ಹದಿನಾರು ತಿಂಗಳು. "ಗಾಳಿಗೆ ಬಿಟ್ಟು ಹಾಳು ಮಾಡೋಕೆ ಇಷ್ಟು ಓದಬೇಕಾಗಿತ್ತಾ?" ಎಂದು ಆಗ ನಾಗರಾಜ್ ಕೇಳಿದ್ದರು. ಡಿಸೆಂಬರಿನಲ್ಲಿ, ಮೂಗು ನೆಟ್ಟಗಿದ್ದಾಗ, ಚೈತ್ರ ಮೂರನ್ನೂ ಮೂಸಿ ಬರೆದಿಟ್ಟಿದ್ದಳು. ಮೂರೂ ಚೆನ್ನಾಗಿದ್ದವು. ಅಲ್ಲಿಂದೀಚೆಗೆ ಅವುಗಳ ಹುಳಿಯನ್ನು ಮೀಟರಿನಲ್ಲಿ ಅಳೆದಿದ್ದಳು, ನಾಲಿಗೆಯಲ್ಲಿ ನೋಡಿದ್ದಳು, ಅಷ್ಟೆ.

ಪರೀಕ್ಷಿಸುವವರು ಪ್ರಮೀಳಾ. ಮೂರು ರೆಸಾರ್ಟ್ ನಡೆಸುವ ಕಂಪನಿಯೊಂದರಲ್ಲಿ ಊಟ ತಿಂಡಿಯ ವ್ಯವಸ್ಥೆ ಅವರದು. ಅತಿಥಿಗಳಿಗೆ ಬಳ್ಳಿಗಾವಿಯ ಗುಡಿಗಳನ್ನು ತೋರಿಸಿ, ವಾರಕ್ಕೆರಡು ಸಲ ಇಲ್ಲಿಗೆ ಕರೆತಂದು ಊರಿನ ಅಡುಗೆಯ ಜೊತೆ ಈ ಬಿಯರ್ ಕೊಡಿಸುವ ಆಲೋಚನೆ. ಅವರು ಒಪ್ಪಿದರೆ ಮೂರು ಪೀಪಾಯಿಗೂ ಗಿರಾಕಿ ಸಿಕ್ಕಂತೆ. ಒಪ್ಪದಿದ್ದರೆ ಏನು ಎಂಬುದನ್ನು ನಾಗರಾಜ್ ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು. ಪೀಪಾಯಿ ಕೆಲಸ ಬಂದ್. ಮಾಮೂಲಿ ಬಿಯರಿಗೆ ಇಷ್ಟು ಓದಿದವರು ಬೇಕಿಲ್ಲ.

ಇಪ್ಪತ್ತನೇ ತಾರೀಖಿಗೆ ಎಂದಿದ್ದ ಪ್ರಮೀಳಾ, ಎಂಟು ದಿನ ಮೊದಲೇ ಬರುತ್ತೇನೆ ಎಂದು ಹಿಂದಿನ ದಿನವಷ್ಟೇ ತಿಳಿಸಿದ್ದರು. ಜೊತೆಗೆ ಒಂದು ಷರತ್ತು: ಮೊದಲೇ ಹಿಡಿದಿಟ್ಟ ಬಿಯರ್ ಬೇಡ, ಪೀಪಾಯಿಯಿಂದ ನನ್ನ ಕಣ್ಣೆದುರೇ ಹಿಡಿಯಬೇಕು.

ಅದೇ ಸಂಜೆ ಚೈತ್ರ ಮಾವನಿಗೆ ಫೋನ್ ಮಾಡಿದ್ದಳು. ಗೋಪಾಲಪ್ಪನಿಗೆ ಅರವತ್ತಾರು. ಈಗ ಅನಾನಸ್ ಬೆಳೆಯುತ್ತಾನೆ. ಶೇಂದಿ ನಿಷೇಧ ಬರುವ ತನಕ ಇಪ್ಪತ್ತೆರಡು ವರ್ಷ ಬಗನಿ ಮರ ಹತ್ತಿ ಹೆಂಡ ಇಳಿಸಿದವನು. ಮಡಕೆಗೆ ಮೂಗು ಒಡ್ಡಿದರೆ ಸಾಕು, ಯಾವ ಮರದ್ದು, ಎಷ್ಟು ಹೊತ್ತಿನದು, ಸಂಜೆಗೆ ಏನಾಗುತ್ತದೆ ಎಂದು ಹೇಳುತ್ತಿದ್ದ. ಆ ಮೂಗು ಅವಳಿಗೆ ಬೇಕಾಗಿತ್ತು.

ಅವನ ಬಸ್ಸು ಬಂದದ್ದು ಹನ್ನೊಂದೂ ಮುಕ್ಕಾಲಿಗೆ. ಕೈಯಲ್ಲಿ ಸ್ಟೀಲ್ ಡಬ್ಬಿ, ಹೆಗಲ ಮೇಲೆ ಟವೆಲ್. ಮೆಟ್ಟಿಲ ಕೆಳಗೆ ಮಾತಾಡಲು ಸಿಕ್ಕಿದ್ದು ಎರಡೇ ನಿಮಿಷ.

"ಚೆನ್ನಾಗಿದ್ರೆ ಟವೆಲ್ ಹೆಗಲ ಮೇಲೇ ಇರ್ಲಿ. ಕೆಟ್ಟಿದ್ರೆ ತೆಗೆದು ತೊಡೆ ಮೇಲೆ ಹಾಕ್ಕೊ. ಬೇರೆ ಏನೂ ಮಾಡ್ಬೇಡ, ಮಾತೂ ಆಡ್ಬೇಡ."

"ಇಸ್ಪೀಟಾಟದಲ್ಲಿ ಕಣ್ಣು ಹೊಡೆದ ಹಾಗೆ ಆಯ್ತಲ್ಲೇ ಇದು."

"ಮಾವಾ."

"ಆಯ್ತು ಮಾರಾಯ್ತಿ. ಹೆಗಲು, ತೊಡೆ. ಎರಡು ನೆನಪಿಟ್ಟುಕೊಳ್ಳೋಕೆ ಆಗಲ್ವಾ ನಂಗೆ?"

ಮೇಲೆ ಕಿಟಕಿ ಪಕ್ಕದ ಉದ್ದ ಮೇಜಿಗೆ ನಾಲ್ವರು ಕೂತರು. ಊಟದ ಜೋಡಣೆ ತಿಳಿದವರು ಎಂದು ಚೈತ್ರ ಮಾವನ ಪರಿಚಯ ಮಾಡಿಕೊಟ್ಟಳು. ಅದು ಪೂರ್ತಿ ಸುಳ್ಳೂ ಅಲ್ಲ. ಡಬ್ಬಿಯಲ್ಲಿ ಬಂದದ್ದು ಅವನ ಹೆಂಡತಿ ಶೇಷಮ್ಮ ವಾಟೆಹುಳಿ ಅರೆದು ಹಚ್ಚಿ, ಅಕ್ಕಿ ತರಿಯಲ್ಲಿ ಹೊರಳಿಸಿ ಹುರಿದ ಕೆರೆ ಮೀನು. ಅದನ್ನು ಯಾವುದರ ಜೊತೆ ತಿನ್ನಬೇಕು ಎಂದು ಅವನಿಗೆ ಗೊತ್ತಿತ್ತು. ರೆಸ್ಟೋರೆಂಟಿನ ಅಡುಗೆಯವರು ಮಾಡಿದ ಬದನೆಕಾಯಿ ಎಣ್ಣೆಗಾಯಿ, ರೊಟ್ಟಿ ಮತ್ತು ಅನಾನಸ್ ಗೊಜ್ಜು ಆಮೇಲೆ ಬರುವವು.

ಪ್ರಮೀಳಾ ಚೈತ್ರಳ ಜೊತೆ ಕೆಳಗಿಳಿದು, ಅವಳು ಒಂದನೇ ಪೀಪಾಯಿಯಿಂದ ಹಿಡಿಯುವುದನ್ನು ನಿಂತು ನೋಡಿ, ಹಿಂದೆಯೇ ಮೆಟ್ಟಿಲು ಹತ್ತಿ ಬಂದರು. ಮೂರು ಗ್ಲಾಸು. ನಾಗರಾಜ್ ಮುಂದೆ ಮಜ್ಜಿಗೆ.

ಬಿಯರ್ ಜೇನಿನ ಬಣ್ಣಕ್ಕಿತ್ತು, ತುಸು ಮಸುಕು. ಚೈತ್ರ ಗ್ಲಾಸನ್ನು ಮೂಗಿನ ಬಳಿ ಹಿಡಿದು, ಮೂರು ಎಣಿಸಿ, ಇಳಿಸಿದಳು. ನೀರಿನ ಗ್ಲಾಸು ಹಿಡಿದಿದ್ದರೂ ಅಷ್ಟೇ ಇತ್ತು. ಬಾಯಿಗೆ ಹಾಕಿಕೊಂಡಳು. ಹುಳಿ ಸರಿಯಾಗಿದೆ, ನಾಲಿಗೆಯ ಅಂಚು ಹಿಡಿಯುತ್ತದೆ, ಗಂಟಲು ಸುಡುವುದಿಲ್ಲ. ಕಹಿ ಇಲ್ಲವೇ ಇಲ್ಲ ಎನ್ನುವಷ್ಟು. ಅವಳ ಪಾಲಿಗೆ ಅದಿಷ್ಟೇ.

ಗೋಪಾಲಪ್ಪ ಉಂಗುರ ಬೆರಳನ್ನು ಗ್ಲಾಸಿಗೆ ಅದ್ದಿ ಮೂರು ಹನಿ ನೆಲಕ್ಕೆ ಚಿಮುಕಿಸಿದ. ನಾಗರಾಜ್ ಬಗ್ಗಿ ಟೈಲ್ಸ್ ನೋಡಿದರು.

"ಏನ್ರೀ ಅದು?"

"ಅಭ್ಯಾಸ ಸಾವ್ಕಾರ್ರೇ. ಒರೆಸ್ತೀನಿ ಬಿಡಿ ಆಮೇಲೆ."

ಎಂದವನೇ ಗ್ಲಾಸೆತ್ತಿ ಒಂದೇ ಗುಟುಕಿಗೆ ಖಾಲಿ ಮಾಡಿ ಕೆಳಗಿಟ್ಟ. ಟವೆಲ್ ಹೆಗಲ ಮೇಲೇ ಇತ್ತು.

ಚೈತ್ರಳ ಬೆನ್ನಿನ ಬಿಗಿ ಒಂದು ಸುತ್ತು ಸಡಿಲವಾಯಿತು.

"ಇದರ ವಾಸನೆ ಹೇಗಿದೆ ಅಂತ ಅತಿಥಿಗಳಿಗೆ ಹೇಳ್ಬೇಕು?" ಪ್ರಮೀಳಾ ನೋಟ್‌ಬುಕ್ ತೆರೆದು ಕೇಳಿದರು.

ಡಿಸೆಂಬರಿನಲ್ಲಿ ಬರೆದಿಟ್ಟದ್ದನ್ನು ಚೈತ್ರ ಬಾಯಿಪಾಠ ಮಾಡಿಕೊಂಡಿದ್ದಳು. "ಮೊದಲು ನಿಂಬೆ ಸಿಪ್ಪೆ. ಆಮೇಲೆ ಒಣಹುಲ್ಲು. ಕೊನೇಲಿ ಸ್ವಲ್ಪ ಕುದುರೆ ಲಾಯ. ಕಾಡು ಯೀಸ್ಟಿಂದ ಬರೋದು ಅದು, ಈ ಬಗೆಯಲ್ಲಿ ಅದನ್ನ ದೋಷ ಅನ್ನಲ್ಲ."

"ಕುದುರೆ ಯಾರ ಮನೇಲದೆ ಈಗ," ಎಂದ ಗೋಪಾಲಪ್ಪ ಮೀನಿನ ಮುಳ್ಳು ಬಿಡಿಸುತ್ತಾ. "ಎತ್ತಿನ ಕೊಟ್ಟಿಗೆ ಅಂತ ಬರ್ಕೊಳಿ, ಜನಕ್ಕೆ ತಿಳೀತದೆ."

ಪ್ರಮೀಳಾ ನಕ್ಕರು, ಬರೆದುಕೊಂಡರು. ಮೀನಿನ ಒಂದು ತುಂಡು ತಿಂದು, ಮೇಲೆ ಒಂದು ಗುಟುಕು ಕುಡಿದು, ಹುಬ್ಬೇರಿಸಿದರು. "ಹುಳಿ ಹಚ್ಚಿದ ಮೀನಿಗೆ ಹುಳಿ ಬಿಯರ್, ಬಾಯಿ ಕಿತ್ತುಹೋಗುತ್ತೆ ಅಂದ್ಕೊಂಡಿದ್ದೆ. ಹಾಗೆ ಅನ್ನಿಸ್ತಿಲ್ಲವಲ್ಲ?"

"ವಾಟೆಹುಳಿ ಬಾಯಲ್ಲಿ ಇದ್ದಾಗ ಬಿಯರಿನ ಹುಳಿ ನಾಲಿಗೆಗೆ ಕಡಿಮೆ ಕಾಣುತ್ತೆ. ಅಡಗಿದ್ದ ಗೋಧಿಯ ಸಿಹಿ ಮೇಲೆ ಬರುತ್ತೆ. ಖಾರ ಮಾತ್ರ ಹೆಚ್ಚಾಗಬಾರದು. ಇದರ ಹುಳಿ ಖಾರವನ್ನ ಎರಡರಷ್ಟು ಮಾಡುತ್ತೆ. ಅದಕ್ಕೇ ಅತ್ತೆಗೆ ಮೆಣಸಿನಪುಡಿ ಅರ್ಧ ಮಾಡಿ ಅಂದಿದ್ದೆ." ಇದನ್ನು ಅವಳು ನಾಲಿಗೆಯಿಂದ ಹೇಳುತ್ತಿದ್ದಳು. ಇದರಲ್ಲಿ ಸುಳ್ಳಿರಲಿಲ್ಲ, ದನಿಯಲ್ಲೂ ಅದು ಕೇಳುತ್ತಿತ್ತು.

"ಭಲೇ," ಎಂದರು ನಾಗರಾಜ್, ಮೀನಿನ ತಟ್ಟೆಯಿಂದ ಕುರ್ಚಿಯನ್ನು ಇನ್ನಷ್ಟು ದೂರ ಎಳೆದುಕೊಂಡು.

ಪ್ರಮೀಳಾ ಗ್ಲಾಸನ್ನು ಮತ್ತೆ ಮೂಗಿಗೆ ಹಿಡಿದರು. ಈ ಸಲ ಸ್ವಲ್ಪ ಹೆಚ್ಚು ಹೊತ್ತೇ ಹಿಡಿದರು. "ಇನ್ನೊಂದು ವಾಸನೆ ಇದೆ ಇದರಲ್ಲಿ. ಏನು ಅಂತ ಹೆಸರು ಹೊಳೀತಿಲ್ಲ. ಹಾಲಿನದೇನೋ... ಬೆಲ್ಜಿಯಂನವು ಹೀಗೇ ಇರ್ತವಾ?"

ಚೈತ್ರ ಮಾವನ ಹೆಗಲು ನೋಡಿದಳು. ಟವೆಲ್ ಅಲ್ಲೇ ಇತ್ತು. ಅವನು ಮುಳ್ಳು ಬಿಡಿಸುವುದರಲ್ಲೇ ಇದ್ದ, ತಲೆ ಎತ್ತಲಿಲ್ಲ.

"ಹೌದು," ಎಂದಳು ಚೈತ್ರ. "ಈ ಬಗೆಯಲ್ಲಿ ಹಾಗೇ."

ಪ್ರಮೀಳಾ ಒಂದನೇ ಪೀಪಾಯಿಯ ಮುಂದೆ ಟಿಕ್ ಹಾಕಿದರು.

ಎರಡನೆಯದಕ್ಕೆ ಎಣ್ಣೆಗಾಯಿ ಬಂತು. ಗ್ಲಾಸು ಮುಂದಿಟ್ಟಾಗ ಗೋಪಾಲಪ್ಪ ಮಾಡಿದ್ದು ಬೇರೆ. ಹನಿ ಚಿಮುಕಿಸಲಿಲ್ಲ. ನಾಲ್ಕು ತೊಟ್ಟು ಅಂಗೈಗೆ ಸುರಿದು, ಎರಡೂ ಕೈ ತಿಕ್ಕಿ, ಬೊಗಸೆ ಮಾಡಿ ಮೂಗು ಇಟ್ಟ. ಆರಲು ಬಿಟ್ಟು ಮತ್ತೆ ಮೂಸಿದ. ಆಮೇಲೆ ಗ್ಲಾಸಿನಿಂದ ಸ್ವಲ್ಪ ಬಾಯಿಗೆ ಹಾಕಿ, ಕೆನ್ನೆಯೊಳಗೆ ಓಡಾಡಿಸಿ, ನುಂಗಿದ. ತಲೆಯಾಡಿಸಿದ. ಟವೆಲ್ ಅಲುಗಲಿಲ್ಲ.

"ಶೇಂಗಾ, ಎಳ್ಳು, ಎಣ್ಣೆ ಎಲ್ಲ ಬಾಯಿಗೆ ಮೆತ್ತಿಕೊಂಡಿರುತ್ತೆ," ಎಂದು ಚೈತ್ರ ಹೇಳತೊಡಗಿದಳು. "ಈ ಹುಳಿ ಅದನ್ನ ತೊಳೆದುಕೊಂಡು ಹೋಗುತ್ತೆ, ಮುಂದಿನ ತುತ್ತು ಮತ್ತೆ ಮೊದಲ ತುತ್ತಿನ ಹಾಗೆ..." ಮಾತು ಅಲ್ಲಿಗೆ ನಿಂತಿತು.

ಮಾವ ಒಂದನೆಯದನ್ನು ಮೂಸಿರಲೇ ಇಲ್ಲ.

ಅವಳಿಗೆ ಎಂಟು ವರ್ಷವಿದ್ದಾಗ ಬಗನಿ ಮರದ ಬುಡದಲ್ಲಿ ನಿಂತದ್ದು ನೆನಪಾಯಿತು. ಮಾವ ಮಡಕೆ ಇಳಿಸಿ, ಮೂರು ಹನಿ ನೆಲಕ್ಕೆ ಚೆಲ್ಲಿ, ಮೊದಲ ಚಿಪ್ಪನ್ನು ಕಣ್ಣು ಮುಚ್ಚಿ ಕುಡಿದಿದ್ದ. ಶಿರಾಳಕೊಪ್ಪದ ಕಡೆಯವನೊಬ್ಬ, ಹೇಗಿದೆ ಗೋಪಾಲಣ್ಣ ಎಂದು ಕೇಳಿದ್ದಕ್ಕೆ ಬೈದು ಕಳಿಸಿದ್ದ. ಮೊದಲನೆಯದು ಊರ ಅಮ್ಮನಿಗೆ ಸೇರಿದ್ದು. ಅದನ್ನು ಮೂಸುವಂತಿಲ್ಲ, ಮುಖ ಹಿಂಡುವಂತಿಲ್ಲ, ಉಳಿಸುವಂತಿಲ್ಲ, ಚೆನ್ನಾಗಿದೆ ಚೆನ್ನಾಗಿಲ್ಲ ಅನ್ನುವಂತಿಲ್ಲ. ಪರೀಕ್ಷೆ ಏನಿದ್ದರೂ ಎರಡನೆಯ ಚಿಪ್ಪಿನಿಂದ.

ಆ ಟವೆಲ್ ಅವಳಿಗೆ ಏನನ್ನೂ ಹೇಳಿರಲಿಲ್ಲ. ಹೇಳಿದೆ ಎಂದು ಅವಳೇ ಅಂದುಕೊಂಡಿದ್ದಳು.

"ಚೈತ್ರ ಅವರೇ?" ಎಂದರು ಪ್ರಮೀಳಾ. "ಮುಂದಿನ ತುತ್ತು?"

"ಹೊಸದರ ಹಾಗೇ ಇರುತ್ತೆ," ಎಂದಳು.

"ನಂಗೆ ಒಂದನೇದೇ ಊಟದ ಶುರುವಿಗೆ ಸರಿ ಅನ್ಸುತ್ತೆ, ಮೀನಿನ ಜೊತೆ," ಪ್ರಮೀಳಾ ಪುಟ ತಿರುವಿದರು. "ಆ ವಾಸನೆ ವಿಚಿತ್ರಾನೇ. ಆದ್ರೆ ನೀವೇ ಹಾಗಿರುತ್ತೆ ಅಂದ ಮೇಲೆ ಅದನ್ನೇ ಒಂದು ಕಥೆ ಮಾಡಿ ಹೇಳಬಹುದು. ಜೂನ್ ಹದಿನೈದಕ್ಕೆ ಮೊದಲ ತಂಡ. ಇಪ್ಪತ್ತೆರಡು ಜನ."

"ಆಗ್ಲಿ ಬಿಡ್ರೀ, ಇಪ್ಪತ್ತೆರಡಲ್ಲ ನಲವತ್ತು ಜನ ಬರ್ಲಿ," ಎಂದ ನಾಗರಾಜ್ ಅವರ ಮುಖ ಅರಳಿತ್ತು. "ಚೈತ್ರಾ ಸುಮ್ನೆ ಸಹಿ ಹಾಕೋಳಲ್ಲ. ಅವಳು ಹೂಂ ಅಂದ್ರೆ ಮುಗೀತು."

ಚೈತ್ರ ಸುಮ್ಮನಿದ್ದರೆ ಆಯಿತು. ಗಿರಾಕಿಯೇ ಒಪ್ಪಿದ್ದಾರೆ. ಕುಡಿದವರಿಗೆ ಕಾಯಿಲೆ ಬರುವುದಿಲ್ಲ. ಜೂನ್ ಹದಿನೈದಕ್ಕೆ ಇನ್ನೂ ಒಂದು ತಿಂಗಳಿದೆ, ಏನಾದರೂ ನೆಪ ಹೇಳಿ ಒಂದನೆಯದನ್ನು ಬದಲಿಸಬಹುದು. ಮೂರನೆಯ ಗ್ಲಾಸಿಗೆ ಹೊರಡಲು ಅವಳು ಎದ್ದೂ ನಿಂತಳು. ಆದರೆ ಹಾಲು ಎಂಬ ಮಾತು ಅವಳನ್ನು ಬಿಡಲಿಲ್ಲ. ಪೀಪಾಯಿಗೆ ಬೇಡದ ಬ್ಯಾಕ್ಟೀರಿಯಾ ಹೊಕ್ಕರೆ ಬರುವ ವಾಸನೆಗಳಲ್ಲಿ ಒಂದಕ್ಕೆ ಹಾಲಿನ ನಂಟಿತ್ತು. ಯಾವ ದೇಶದ ಯಾವ ಶೈಲಿಯೂ ಅದನ್ನು ಒಪ್ಪುವುದಿಲ್ಲ. ಅದನ್ನು ಇಪ್ಪತ್ತೆರಡು ಜನ ಮೂಸಲಿದ್ದರು, ಬೆಲ್ಜಿಯಂ ಹೀಗೇ ಎಂದು ಅವಳ ಹೆಸರಿನಲ್ಲಿ ನಂಬಲಿದ್ದರು.

"ಮಾವಾ," ಎಂದಳು. "ಒಂದನೇದು ಹೇಗಿತ್ತು?"

ಗೋಪಾಲಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಮೊದಲನೇದಕ್ಕೆ ಹೇಗಿತ್ತು ಅಂತ ಕೇಳ್ತಾರೇನೇ? ಅದು ಅಮ್ಮಂದು. ಅದನ್ನ ನಾ ಏನಂತ ಹೇಳ್ಲಿ?"

"ಈಗ ಅದನ್ನೇ ಮತ್ತೆ ಕೊಡ್ತೀನಿ. ಮೂಸಿ ಹೇಳು. ಬಾಯಿ ಬಿಟ್ಟು ಹೇಳು."

ನಾಗರಾಜ್ ಮಜ್ಜಿಗೆಯ ಲೋಟ ಕೆಳಗಿಟ್ಟರು. "ಏನಮ್ಮಾ ಇದು? ಅವರು ಓಕೆ ಅಂದಾಯ್ತಲ್ಲ. ಮುಂದಿಂದು ತಾ."

"ಎರಡು ನಿಮಿಷ ಸಾರ್."

ಅವಳು ಕೆಳಗಿಳಿದು ಒಂದನೇ ಪೀಪಾಯಿಯಿಂದ ಅರ್ಧ ಗ್ಲಾಸು ಹಿಡಿದಳು. ಮೇಲೆ ಬಂದು ಮಾವನ ಮುಂದಿಟ್ಟಳು. ಅವನು ಅಂಗೈಗೆ ಸುರಿದುಕೊಂಡು ತಿಕ್ಕಿ, ಮೂಗು ಒಡ್ಡಿದವನು ತಲೆ ಹಿಂದಕ್ಕೆ ಎಳೆದುಕೊಂಡ. ಟವೆಲ್ ತೊಡೆಗೆ ಹಾಕಿಕೊಳ್ಳುವುದು ಮರೆತು ಅದರಿಂದಲೇ ಎರಡೂ ಕೈ ಒರೆಸಿಕೊಂಡ.

"ಮಗು ಕಕ್ಕಿದ ಹಾಲು," ಎಂದ. "ಥೂ. ಎಳೆ ಮಗು ಹೆಗಲ ಮೇಲೆ ಕಕ್ಕಿ, ಅಂಗಿ ಮೇಲೇ ಒಣಗಿರ್ತದಲ್ಲ, ಅದು."

"ಅದೇ!" ಎಂದರು ಪ್ರಮೀಳಾ. ಹೆಸರು ಸಿಕ್ಕ ಖುಷಿಗೆ ಬಂದ ದನಿ ಅದು. ಮರುಕ್ಷಣಕ್ಕೆ ಅವರ ಕಣ್ಣು ಚೈತ್ರಳ ಕಡೆ ಹೊರಳಿತು. "ಆದ್ರೆ ನೀವು ನಿಂಬೆ ಸಿಪ್ಪೆ, ಒಣಹುಲ್ಲು ಅಂದ್ರಿ."

"ಅದು ಡಿಸೆಂಬರಿಂದು," ಎಂದಳು ಚೈತ್ರ. "ಒಂದನೇ ಪೀಪಾಯಿ ಕೆಟ್ಟಿದೆ. ಕೊಡೋ ಹಾಗಿಲ್ಲ. ನನಗೆ ಅದು ಗೊತ್ತಾಗಲಿಲ್ಲ. ನನಗೆ ಜನವರಿಯಿಂದ ವಾಸನೆ ಬರ್ತಿಲ್ಲ."

ರಸ್ತೆಯಲ್ಲಿ ಜೋಳದ ಚೀಲ ಹೇರಿದ ಟ್ರ್ಯಾಕ್ಟರ್ ಒಂದು ಹಾದುಹೋಯಿತು.

"ನಾಲ್ಕು ತಿಂಗಳು ಸಹಿ ಮಾಡಿದ್ದೀಯಲ್ಲ," ಎಂದರು ನಾಗರಾಜ್. ದನಿ ಏರಿರಲಿಲ್ಲ, ಅದೇ ಹೆಚ್ಚು ಕಷ್ಟವಾಗಿತ್ತು. "ಯಾವ ಮೂಗಿಂದ ಮಾಡಿದಿ ಚೈತ್ರಾ?"

"ಮೀಟರ್ ನೋಡಿ. ನಾಲಿಗೆಯಿಂದ. ಅಂದಾಜಿಂದ."

"ಅಂದಾಜಿಂದ." ಅವರು ಆ ಮಾತನ್ನು ಬಾಯಲ್ಲಿಟ್ಟುಕೊಂಡು ನೋಡಿದ ಹಾಗಿತ್ತು. "ಮತ್ತೆ ಇವರನ್ನ ಕರ್ಸಿದ್ದು ಊಟಕ್ಕಲ್ಲ."

"ತಪ್ಪು ನಂದು ಸಾವ್ಕಾರ್ರೇ," ಎಂದ ಗೋಪಾಲಪ್ಪ. "ಕೂಸು ಹೆಗಲು ತೊಡೆ ಅಂತ ಸರಿಯಾಗೇ ಹೇಳಿತ್ತು. ಮೊದಲ ಗ್ಲಾಸಿಗೆ ಆ ಲೆಕ್ಕ ಇಲ್ಲ ಅಂತ ನಾನೇ ಹೇಳಬೇಕಾಗಿತ್ತು. ಇದಕ್ಕೂ ಮೊದಲನೇದು ಅಂತ ಇರ್ತದೆ ಅಂತ ಇವಳಿಗೆ ಹೇಗೆ ಗೊತ್ತಾಗಬೇಕು?"

"ಹೆಗಲು ತೊಡೆ ಅಂದ್ರೇನ್ರೀ?"

ನಾಗರಾಜ್ ಟವೆಲ್ ನೋಡಿದರು, ಚೈತ್ರಳನ್ನು ನೋಡಿದರು, ಅವರಿಗೆ ಅರ್ಥವಾಯಿತು. ಮುಖ ಕೆಂಪಾಯಿತು.

ಪ್ರಮೀಳಾ ಒಂದನೆಯದರ ಮುಂದಿನ ಟಿಕ್ ಮೇಲೆ ಅಡ್ಡ ಗೀಟು ಎಳೆದರು. ಇನ್ನೊಂದು ಗೀಟು ಎಳೆದರು. "ನೀವು ಹೇಳದೇ ಇದ್ದಿದ್ರೆ ನಾನು ತಗೋತಿದ್ದೆ," ಎಂದರು. ಅದು ಹೊಗಳಿಕೆಯೋ ಆರೋಪವೋ ಚೈತ್ರಳಿಗೆ ತಿಳಿಯಲಿಲ್ಲ. "ಮೂರನೇದು ನೋಡೋಣ. ಈ ಸಲ ಮೊದಲು ಅವರು ಹೇಳಲಿ. ಟವೆಲ್ ಬೇಡ."

ಮೂರನೆಯದು ಅನಾನಸ್ ಗೊಜ್ಜಿನ ಜೊತೆ ಬಂತು. ಗೋಪಾಲಪ್ಪ ಮೂಸಿದ, ನಾಲಿಗೆಗೆ ಹಾಕಿದ, ತುಂಬಾ ಹೊತ್ತು ತೆಗೆದುಕೊಂಡ. "ಇದು ಚೆನ್ನಾಗಿದೆ. ಹಸಿ ಮಾವಿನಕಾಯಿ ಸೊನೆ, ಒದ್ದೆ ಕಟ್ಟಿಗೆ. ಆದರೆ ಗೊಜ್ಜಿನ ಜೊತೆ ಬೇಡ," ಎಂದ. ಚೈತ್ರ ಒಂದು ಚಮಚ ಗೊಜ್ಜು ತಿಂದು ಬಿಯರ್ ಕುಡಿದಳು. ಬೆಲ್ಲ ನಾಲಿಗೆಯಲ್ಲಿ ಕೂತಿದ್ದಾಗ ಬಿಯರ್ ಬರೀ ಹುಳಿ ನೀರಿನ ಹಾಗಿತ್ತು. "ಹೌದು," ಎಂದಳು. "ಬೆಲ್ಲ ಇದನ್ನ ಕೊಲ್ಲುತ್ತೆ. ಇದನ್ನೂ ಮೀನಿನ ಜೊತೆಗೇ ಕೊಡಬೇಕು." ಪ್ರಮೀಳಾ ಅದನ್ನು ಬರೆದುಕೊಂಡರು. ನಾಗರಾಜ್ ಅಷ್ಟರಲ್ಲಿ ಎದ್ದು ಕೆಳಗೆ ಹೋಗಿದ್ದರು. ಅವರು ರಿಜಿಸ್ಟರನ್ನು ಕಪಾಟಿನಿಂದ ತೆಗೆದು ಕಾರಿನಲ್ಲಿ ಇಡುತ್ತಿದ್ದುದು ಕಿಟಕಿಯಿಂದ ಕಾಣಿಸಿತು.

ಎರಡು ಮತ್ತು ಮೂರನೇ ಪೀಪಾಯಿಗಳನ್ನು ಪ್ರಮೀಳಾ ಒಪ್ಪಿದರು. ಮೊದಲ ತಂಡ ಒಂದು ವಾರ ಮುಂದೆ ಹೋಯಿತು. ನಾಗರಾಜ್ ಟ್ಯಾಂಕುಗಳಲ್ಲಿದ್ದ ಎಲ್ಲ ಬಿಯರಿನ ಮಾದರಿಯನ್ನು ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಿ, ವರದಿ ಬರುವವರೆಗೆ ಚೈತ್ರ ಕೆಲಸಕ್ಕೆ ಬರುವುದು ಬೇಡ ಎಂದರು. ಮರುದಿನ ಬೆಳಿಗ್ಗೆ ಮಾತ್ರ ಬರಹೇಳಿದ್ದರು. ಹತ್ತು ಗಂಟೆಗೆ ಅವಳೇ ಒಂದನೇ ಪೀಪಾಯಿಗೆ ಪೈಪ್ ಹಾಕಿ ಚರಂಡಿಗೆ ಬಿಟ್ಟಳು. ಇನ್ನೂರಿಪ್ಪತ್ತೈದು ಲೀಟರ್ ಖಾಲಿಯಾಗಲು ಹದಿನೆಂಟು ನಿಮಿಷ ಹಿಡಿಯಿತು.

ವರದಿ ಮೇ ಇಪ್ಪತ್ತೊಂಬತ್ತಕ್ಕೆ ಬಂತು. ಬೇರೆ ಯಾವುದರಲ್ಲೂ ದೋಷ ಇರಲಿಲ್ಲ. ಜೂನ್ ಒಂದರಂದು ಚೈತ್ರ ಕೆಲಸಕ್ಕೆ ಮರಳಿದಳು. ರಿಜಿಸ್ಟರಿನ ಬಣ್ಣ ಮತ್ತು ರುಚಿಯ ಕಾಲಂಗಳಲ್ಲಿ ಅವಳು ಸಹಿ ಮಾಡಿದಳು. ವಾಸನೆಯ ಕಾಲಂಗೆ ನಾಗರಾಜ್ ಹುಬ್ಬಳ್ಳಿಯಿಂದ ಬೇರೊಬ್ಬರನ್ನು ನೇಮಿಸಿದ್ದರು.